ಮಾರ್ಚ್ ತಿಂಗಳ ಚಾಂಪಿಯನ್ನರು

ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಚಾಂಪಿಯನ್ ಯಾರೆಂಬುದು ವರ್ಷಕ್ಕೆ ಎರಡು ಸಲ ತೀರ್ಮಾನವಾಗುತ್ತದೆ. ಒಮ್ಮೆ ಫೆಬ್ರುವರಿಯಲ್ಲಿ, ಸೂಪರ್ ಬೌಲ್ ಎಂಬ ಹೆಸರಿನಲ್ಲಿ. ಅದಕ್ಕೆ ಮೈದಾನ, ಚೆಂಡು, ಮುರಿಯಲು ಒಂದಷ್ಟು ಮೂಳೆ ಎಲ್ಲ ಬೇಕು. ಇನ್ನೊಮ್ಮೆ ಮಾರ್ಚ್‌ನಲ್ಲಿ. ಅದಕ್ಕೆ ಒಂದು ಫೋನು, ಒಂದು ಚೆಕ್‌ಬುಕ್ಕು, ಹಿಂದಿನ ಸೀಸನ್ನಿನಲ್ಲಿ ಚೆನ್ನಾಗಿ ಸೋತ ಅನುಭವ ಇದ್ದರೆ ಸಾಕು. ಇರುವ 32 ತಂಡಗಳಲ್ಲಿ ಫೆಬ್ರುವರಿಯಲ್ಲಿ ಗೆಲ್ಲುವುದು ಒಂದೇ ಒಂದು. ಮಾರ್ಚ್ ಅಷ್ಟು ಕ್ರೂರಿಯಲ್ಲ. ಅಲ್ಲಿ ದುಡ್ಡು ಬಿಚ್ಚಿದವರೆಲ್ಲ ಗೆದ್ದವರೇ.

ಈ ಮಾರ್ಚ್ ಪಂದ್ಯಾವಳಿಯ ನಿಯಮಗಳೂ ರಸವತ್ತಾಗಿವೆ. ಇನ್ನೊಂದು ತಂಡದ ಒಪ್ಪಂದದಲ್ಲಿರುವ ಆಟಗಾರನ ಜೊತೆ ಮಾತಾಡುವುದು ಅಪರಾಧ. ಆದರೆ ಒಪ್ಪಂದ ಮುಗಿಯುವ ಆಟಗಾರರ ಮಾರುಕಟ್ಟೆ ತೆರೆಯುವುದಕ್ಕೆ ಎರಡು ದಿನ ಮೊದಲು, ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ, ಅದೇ ಅಪರಾಧಕ್ಕೆ ಪರವಾನಗಿ ಸಿಗುತ್ತದೆ. ಆ ಎರಡು ದಿನಕ್ಕೆ ಅಲ್ಲಿಯವರು ‘ಲೀಗಲ್ ಟ್ಯಾಂಪರಿಂಗ್’ ಎನ್ನುತ್ತಾರೆ. ಹನ್ನೆರಡು ಹೊಡೆದ ಕೆಲವೇ ನಿಮಿಷದಲ್ಲಿ ಐದು ವರ್ಷದ, ಏಳೆಂಟು ಕೋಟಿ ಡಾಲರಿನ ಒಪ್ಪಂದ ಕುದುರಿತು ಎಂಬ ಸುದ್ದಿ ಹೊರಬೀಳುತ್ತದೆ. ಹತ್ತು ನಿಮಿಷದೊಳಗೆ ಪರಿಚಯ, ಕುಶಲೋಪರಿ, ಚೌಕಾಸಿ, ಒಪ್ಪಿಗೆ ಎಲ್ಲ ಮುಗಿಸುವ ಈ ಚುರುಕುತನ ಮೈದಾನದಲ್ಲೂ ಕಂಡಿದ್ದರೆ ಆ ತಂಡಗಳು ಮಾರ್ಚ್‌ವರೆಗೆ ಕಾಯಬೇಕಾಗಿರಲಿಲ್ಲ.

ಈ ಸಂತೆಯಲ್ಲಿ ಪ್ರತಿ ವರ್ಷ ಎದ್ದು ಬರುವ ಪ್ರಶ್ನೆಯೊಂದಿದೆ: ಕಾರ್ನರ್‌ಬ್ಯಾಕ್‌ಗೆ ಇಷ್ಟೊಂದು ದುಡ್ಡು ಸುರಿಯಬೇಕೇ? ಸುರಿಯಲೇಬೇಕು ಎಂಬ ಪಕ್ಷ ನನ್ನದು. ಕಾರಣಗಳನ್ನು ಹೇಳುತ್ತೇನೆ.

ಮೊದಲು ಆತನ ಕೆಲಸ ಏನೆಂದು ನೋಡೋಣ. ಎದುರಾಳಿಯ ವೈಡ್ ರಿಸೀವರ್ ಚೆಂಡು ಹಿಡಿಯಲು ಮುಮ್ಮುಖವಾಗಿ ಓಡುತ್ತಾನೆ, ಎಲ್ಲಿ ತಿರುಗಬೇಕೆಂದು ಅವನಿಗೆ ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್ ಅವನ ಎದುರಿಗೆ ನಿಂತು ಹಿಮ್ಮುಖವಾಗಿ ಓಡುತ್ತಾನೆ, ಎಲ್ಲಿ ತಿರುಗಬೇಕೆಂದು ಇವನಿಗೆ ಗೊತ್ತಿಲ್ಲ. ಐದು ಗಜ ದಾಟಿದ ಮೇಲೆ ತಡೆಯುವುದಕ್ಕೆಂದು ಎದುರಾಳಿಯ ಮೈಮುಟ್ಟಿದರೆ ದಂಡ. ಮುಟ್ಟದೆ ಬಿಟ್ಟರೆ ಟಚ್‌ಡೌನ್. ಎಂಬತ್ತು ಸಾವಿರ ಜನರ ಎದುರು, ಮೂಲೆಯಲ್ಲಿ ಒಬ್ಬನೇ. ಸೋತರೆ ಮರೆಗೆ ನಿಲ್ಲಲು ಒಂದು ಕಂಬವೂ ಇಲ್ಲ. ಇಂಥ ಕೆಲಸಕ್ಕೆ ಎಷ್ಟು ಕೊಟ್ಟರೂ ಕಡಿಮೆಯೇ. ತೊಡಕಿರುವುದು ಬೇರೆ ಕಡೆ: ಅವನು ಕೆಲಸ ಚೆನ್ನಾಗಿ ಮಾಡಿದ್ದಾನೆ ಎಂದು ಗೊತ್ತಾಗುವುದು ಹೇಗೆ? ಅವನ ಹತ್ತಿರ ಏನೂ ಆಗದಿದ್ದಾಗ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅವನ ದಿಕ್ಕಿಗೆ ಎಸೆಯುವುದನ್ನೇ ಬಿಟ್ಟರೆ ಅವನು ಮಹಾನ್. ಅಂದರೆ ತಂಡ ಕೋಟಿಗಟ್ಟಲೆ ಕೊಟ್ಟು ಕೊಳ್ಳುವುದು ಮೈದಾನದ ಒಂದು ನಿರ್ಜನ ಪ್ರದೇಶವನ್ನು.

ಈ ವ್ಯಾಪಾರದ ಶಿಖರ ಅಂದರೆ 2011ರ ಫಿಲಡೆಲ್ಫಿಯಾ. ಆ ವರ್ಷ ಮಾಲೀಕರು–ಆಟಗಾರರ ಜಗಳದಿಂದ ಲೀಗ್‌ಗೆ ಬೀಗ ಬಿದ್ದಿತ್ತು. ಜುಲೈ ಕೊನೆಯಲ್ಲಿ ಬೀಗ ತೆಗೆದ ಕೂಡಲೇ ಅಲ್ಲಿಯ ಈಗಲ್ಸ್ ತಂಡ ಓಕ್ಲಂಡ್ ರೈಡರ್ಸ್‌ನ ನಾಮ್‌ಡಿ ಅಸೊಮುವಾ ಅವರನ್ನು ಐದು ವರ್ಷಕ್ಕೆ 6 ಕೋಟಿ ಡಾಲರ್ ಕೊಟ್ಟು ಕರೆತಂದಿತು. ಅವರ ಲೆಕ್ಕಪತ್ರ ನೋಡಿ: 2006ರಲ್ಲಿ ಎಂಟು ಇಂಟರ್‌ಸೆಪ್ಷನ್, ಅಂದರೆ ಎದುರಾಳಿಯ ಎಸೆತವನ್ನು ನಡುವೆ ಹಿಡಿದದ್ದು ಎಂಟು ಸಲ. ಆಮೇಲಿನ ನಾಲ್ಕು ಸೀಸನ್‌ಗಳಲ್ಲಿ ಒಟ್ಟು ಮೂರು. ಬೇರೆ ಯಾವ ಉದ್ಯೋಗದಲ್ಲಾದರೂ ಇದಕ್ಕೆ ನೋಟಿಸ್ ಬರುತ್ತಿತ್ತು. ಇಲ್ಲಿ ಬೆಲೆ ಏರಿತು. ಎದುರಾಳಿಗಳು ಹೆದರಿ ಅವರತ್ತ ಚೆಂಡನ್ನೇ ಎಸೆಯುತ್ತಿಲ್ಲ ಎಂಬುದೇ ಆ ಮೂರರ ಅರ್ಥ. ಅದು ನಿಜವೂ ಆಗಿತ್ತು, ತಮಾಷೆಯಲ್ಲ. ರೈಡರ್ಸ್ ಅವರನ್ನು ಒಂದೇ ಕಡೆ ನಿಲ್ಲಿಸಿ, ಎದುರಿಗೆ ಬಂದವನ ಎದೆಗೆ ಎದೆ ಕೊಟ್ಟು ಆಡಲು ಬಿಟ್ಟಿದ್ದರು. ಆ ಆಟದಲ್ಲಿ ಅವರಿಗೆ ಸರಿಸಾಟಿಯಾದವರು ಕಡಿಮೆ.

ಈಗಲ್ಸ್ ಕೊಂಡಿದ್ದು ಆ ಆಟಗಾರನನ್ನು. ಆಡಿಸಿದ್ದು ಬೇರೆ ಆಟವನ್ನು. ತಂಡದಲ್ಲಿ ಮೊದಲೇ ಅಸಾಂಟೆ ಸ್ಯಾಮ್ಯುಯೆಲ್ ಇದ್ದರು. ಅದೇ ವಾರ ಇನ್ನೊಂದು ವಿನಿಮಯದಲ್ಲಿ ಡಾಮಿನಿಕ್ ರಾಜರ್ಸ್-ಕ್ರೊಮಾರ್ಟಿ ಕೂಡ ಬಂದಿದ್ದರು. ಮೈದಾನಕ್ಕೆ ಎರಡೇ ಮೂಲೆ, ತಾರಾ ಕಾರ್ನರ್‌ಬ್ಯಾಕ್‌ಗಳು ಮೂವರು. ಹೆಚ್ಚಾದವರನ್ನು ಎಲ್ಲಿಡುವುದೆಂದು ಯಾರಾದರೂ ಯೋಚಿಸಿದ್ದರೋ ಇಲ್ಲವೋ, ಮಾರ್ಚ್ ಸಂಭ್ರಮ ಜುಲೈನಲ್ಲಿ ನಡೆದಾಗ ಅಂಥ ಪ್ರಶ್ನೆ ಕೇಳುವುದು ಅಮಂಗಳ. ಇವರನ್ನೆಲ್ಲ ಆಡಿಸುವ ರಕ್ಷಣಾ ಪಡೆಯ ಮುಖ್ಯಸ್ಥರಾಗಿ ನೇಮಕವಾದವರು ಹುವಾನ್ ಕಸ್ತಿಯೊ. ಹಿಂದಿನ ವರ್ಷದವರೆಗೂ ಅವರು ಆಕ್ರಮಣ ಪಡೆಯ ಲೈನ್‌ಗೆ ಪಾಠ ಹೇಳುತ್ತಿದ್ದವರು. 6 ಕೋಟಿಯ ಪಿಟೀಲು ತಂದು ಮೃದಂಗದ ಮೇಷ್ಟ್ರ ಕೈಗೆ ಕೊಟ್ಟ ಹಾಗಾಯಿತು. ಇಷ್ಟೆಲ್ಲ ಆಗುವ ಹೊತ್ತಿಗೆ ತಂಡದ ಮೀಸಲು ಕ್ವಾರ್ಟರ್‌ಬ್ಯಾಕ್ ವಿನ್ಸ್ ಯಂಗ್ ‘ಡ್ರೀಮ್ ಟೀಮ್’ ಎಂದು ನಾಮಕರಣವನ್ನೂ ಮುಗಿಸಿಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರು ಎಲ್ಲ ಊರಲ್ಲೂ ಇರುತ್ತಾರೆ.

ಕೂಸು ಹುಟ್ಟಿತು. ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋಲು, ಕೊನೆಗೆ ಎಂಟು ಗೆಲುವು ಎಂಟು ಸೋಲು. ಅಸೊಮುವಾ ಆ ಸೀಸನ್ನಿನಲ್ಲಿ ಮೂರು ಇಂಟರ್‌ಸೆಪ್ಷನ್ ಮಾಡಿದರು, ಓಕ್ಲಂಡ್‌ನ ಕೊನೆಯ ನಾಲ್ಕು ವರ್ಷದಲ್ಲಿ ಮಾಡಿದಷ್ಟೇ. ಅಲ್ಲೇ ಗಾಬರಿಯಾಗಬೇಕಿತ್ತು: ಚೆಂಡು ಅವರ ಕಡೆ ಬರತೊಡಗಿತ್ತು! ಮರುವರ್ಷ ನಾಲ್ಕು ಗೆಲುವು, ಹನ್ನೆರಡು ಸೋಲು. ಕಸ್ತಿಯೊ ಅಕ್ಟೋಬರಿನಲ್ಲಿ ಹೋದರು, ಮುಖ್ಯ ಕೋಚ್ ಆ್ಯಂಡಿ ರೀಡ್ ಡಿಸೆಂಬರಿನಲ್ಲಿ ಹೋದರು, ಅಸೊಮುವಾ ಮಾರ್ಚ್‌ನಲ್ಲಿ ಹೋದರು. ಮುಂದೆ ಅವರು ನಟ, ನಿರ್ಮಾಪಕರಾಗಿ ಹೆಸರು ಮಾಡಿದರು. ಒಪ್ಪಂದದ ಉಳಿದ ಮೂರು ವರ್ಷ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಒಪ್ಪಂದಗಳ ಐದನೇ ವರ್ಷದ ಬಗ್ಗೆ ಯಾರಾದರೂ ಪಿಎಚ್‌ಡಿ ಮಾಡಬೇಕೆಂಬುದು ನನ್ನ ಬಹುದಿನದ ಆಸೆ. ಅಸೊಮುವಾ ಐದು ವರ್ಷಕ್ಕೆ ಸಹಿ ಹಾಕಿ ಎರಡು ಆಡಿದರು. 2016ರಲ್ಲಿ ವಾಷಿಂಗ್ಟನ್ ತಂಡ ಜಾಶ್ ನಾರ್ಮನ್‌ಗೆ ಐದು ವರ್ಷಕ್ಕೆ 7.5 ಕೋಟಿ ಡಾಲರ್ ಬರೆದುಕೊಟ್ಟಿತು, ನಾಲ್ಕು ಆಡಿದ ಮೇಲೆ ಬಿಟ್ಟಿತು. 2018ರಲ್ಲಿ ಟೆನೆಸಿ ಟೈಟನ್ಸ್ ಮಾಲ್ಕಮ್ ಬಟ್ಲರ್‌ಗೆ ಬರೆದ ಐದರಲ್ಲಿ ನಡೆದದ್ದು ಮೂರು. 2022ರಲ್ಲಿ ಚಾರ್ಜರ್ಸ್ ತಂಡ ಜೆ.ಸಿ. ಜಾಕ್ಸನ್‌ಗೆ 8.25 ಕೋಟಿ ಡಾಲರಿನ ಐದು ವರ್ಷ ಬರೆಯಿತು. ಪೇಟ್ರಿಯಟ್ಸ್‌ನಲ್ಲಿ ನಾಲ್ಕು ವರ್ಷಕ್ಕೆ 25 ಇಂಟರ್‌ಸೆಪ್ಷನ್ ಮಾಡಿದ್ದವರು, ಎರಡನೇ ಸೀಸನ್ ಅರ್ಧಕ್ಕೆ ಬರುವುದರೊಳಗೆ ಮರಳಿ ಪೇಟ್ರಿಯಟ್ಸ್‌ಗೇ ಸಾಗಹಾಕಲ್ಪಟ್ಟರು. ಐದನೇ ವರ್ಷ ಎಂಬುದು ಪತ್ರಿಕೆಯ ತಲೆಬರಹಕ್ಕಾಗಿ ಬರೆಯುವ ವರ್ಷ. ಏಜೆಂಟ್ ಅದನ್ನು ತೋರಿಸಿ ತನ್ನ ಮುಂದಿನ ಗಿರಾಕಿಯನ್ನು ಹಿಡಿಯುತ್ತಾನೆ, ಜನರಲ್ ಮ್ಯಾನೇಜರ್ ಅದನ್ನು ತೋರಿಸಿ ಮಾಲೀಕನನ್ನು ಹಿಗ್ಗಿಸುತ್ತಾನೆ. ಅದನ್ನು ಆಡಿ ಮುಗಿಸಿದವರು ಮಾತ್ರ ಕೈಗೆ ಸಿಗುವುದಿಲ್ಲ.

ಸುಮ್ಮನೆ ತಲೆಬರಹಕ್ಕಷ್ಟೇ ಅಲ್ಲ, ಲೆಕ್ಕಕ್ಕೂ ಅದು ಬೇಕು. ಪ್ರತಿ ತಂಡದ ಸಂಬಳದ ಖರ್ಚಿಗೆ ಒಂದು ಮಿತಿ ಇದೆ. 2025ರಲ್ಲಿ ಅದು 27.92 ಕೋಟಿ ಡಾಲರ್. ಸಹಿ ಹಾಕುವಾಗ ಕೈಗೆ ಕೊಡುವ ಬೋನಸ್ಸನ್ನು ಲೆಕ್ಕದಲ್ಲಿ ಐದು ವರ್ಷದವರೆಗೆ ಹರಡಬಹುದು. 2 ಕೋಟಿ ಕೊಟ್ಟರೆ ವರ್ಷಕ್ಕೆ 40 ಲಕ್ಷ ಮಾತ್ರ ಕೊಟ್ಟ ಹಾಗೆ ಕಾಣುತ್ತದೆ. ಎರಡು ವರ್ಷಕ್ಕೆ ಆಟಗಾರನನ್ನು ಕಳಿಸಿದರೆ ಉಳಿದ 1.2 ಕೋಟಿ ಬಂದು ತಂಡದ ತಲೆಯ ಮೇಲೆ ಬೀಳುತ್ತದೆ. ಅದಕ್ಕೆ ‘ಡೆಡ್ ಮನಿ’ ಎನ್ನುತ್ತಾರೆ. ಈಗೀಗ ಇನ್ನೂ ಮುಂದೆ ಹೋಗಿ ‘ವಾಯ್ಡ್ ಇಯರ್ಸ್’ ಕಂಡುಹಿಡಿದಿದ್ದಾರೆ. ಆಟಗಾರ ಆಡುವುದಿಲ್ಲ ಎಂದು ಅವನಿಗೂ ಗೊತ್ತು, ತಂಡಕ್ಕೂ ಗೊತ್ತು; ಆದರೂ ಒಪ್ಪಂದದಲ್ಲಿ ಆ ವರ್ಷಗಳು ಇರುತ್ತವೆ, ಬೋನಸ್ ಹರಡಲು ಜಾಗ ಬೇಕಲ್ಲ. ನಮ್ಮ ಸರ್ಕಾರಿ ಕಾಮಗಾರಿಯ ಬಿಲ್ಲುಗಳನ್ನು ಓದಿ ಅಭ್ಯಾಸವಿದ್ದವರಿಗೆ ಇದರಲ್ಲಿ ಹೊಸತೇನೂ ಕಾಣದು.

ನ್ಯೂಯಾರ್ಕ್ ಜೆಟ್ಸ್ ಹೆಸರೆತ್ತದೆ ಈ ಪುರಾಣ ಪೂರ್ತಿಯಾಗದು. ಹೆಸರಿಗೆ ನ್ಯೂಯಾರ್ಕ್, ಆಡುವುದು ನ್ಯೂಜೆರ್ಸಿಯಲ್ಲಿ. ಕನ್ನಡದ ಸಾಫ್ಟ್‌ವೇರ್ ಸಂಸಾರಗಳು ದಂಡಿಯಾಗಿರುವ ಸೀಮೆ. ಆರ್‌ಸಿಬಿ ನಂಬಿ ಪಳಗಿದ ಜೀವಗಳಿಗೆ ಜೆಟ್ಸ್ ಅಭಿಮಾನ ಅಷ್ಟೇನೂ ಕಷ್ಟವಾಗಿರಲಾರದು. ಆರ್‌ಸಿಬಿಯಾದರೂ 2025ರಲ್ಲಿ ಕಪ್ ಎತ್ತಿತು. ಜೆಟ್ಸ್ ಎತ್ತಿದ್ದು 1969ರ ಜನವರಿಯಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಆರು ತಿಂಗಳು ಮುಂಚೆ.

ಈ ಜೆಟ್ಸ್ ಮನೆಯಲ್ಲೇ ಬೆಳೆದವರು ಡ್ಯಾರೆಲ್ ರೆವಿಸ್. ಅವರು ನಿಂತ ಜಾಗಕ್ಕೆ ‘ರೆವಿಸ್ ದ್ವೀಪ’ ಎಂದೇ ಹೆಸರು ಬಿದ್ದಿತ್ತು, ಅಲ್ಲಿಗೆ ಹೋದ ರಿಸೀವರ್ ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು. 2013ರಲ್ಲಿ ಇವರ ಸಂಬಳ ದುಬಾರಿ ಎಂದು ಜೆಟ್ಸ್ ಅವರನ್ನು ಟ್ಯಾಂಪಾ ಬೇಗೆ ದಾಟಿಸಿತು. ಟ್ಯಾಂಪಾ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನ ಹಕ್ಕು ಕೊಟ್ಟು, ಮೇಲೆ ಆರು ವರ್ಷಕ್ಕೆ 9.6 ಕೋಟಿ ಡಾಲರ್ ಬರೆದು, ಒಂದು ವರ್ಷ ಆಡಿಸಿ, ನಾಲ್ಕು ಪಂದ್ಯ ಗೆದ್ದು, ಕೋಚನ್ನೂ ಬದಲಿಸಿ, ರೆವಿಸ್‌ರನ್ನೂ ಬಿಟ್ಟಿತು. ಅವರು ಪೇಟ್ರಿಯಟ್ಸ್ ಸೇರಿ ಸೂಪರ್ ಬೌಲ್ ಗೆಲ್ಲುವ ದಾರಿಯಲ್ಲಿದ್ದಾಗ ಜೆಟ್ಸ್ ಮಾಲೀಕ ವುಡಿ ಜಾನ್ಸನ್‌ಗೆ ಹಳೆಯ ಪ್ರೀತಿ ಉಕ್ಕಿತು. ರೆವಿಸ್ ಮರಳಿ ಬಂದರೆ ಸಂತೋಷ ಎಂದು ಪತ್ರಕರ್ತರ ಮುಂದೆ ಬಾಯಿಬಿಟ್ಟರು. ಅದು ಪರವಾನಗಿ ಇಲ್ಲದ ಟ್ಯಾಂಪರಿಂಗ್ ಆದ್ದರಿಂದ ಮುಂದೆ ಒಂದು ಲಕ್ಷ ಡಾಲರ್ ದಂಡ ಬಿತ್ತು. ಬಾಯಿಮಾತಿಗೇ ನಿಲ್ಲಲೂ ಇಲ್ಲ. 2015ರಲ್ಲಿ ಐದು ವರ್ಷಕ್ಕೆ 7 ಕೋಟಿ ಡಾಲರಿಗೆ, ಅದರಲ್ಲಿ 3.9 ಕೋಟಿ ಖಾತ್ರಿ ಎಂದು, ತಾವೇ ಮಾರಿದ ಮಾಲನ್ನು ಎರಡು ವರ್ಷ ಹಳೆಯದಾದ ಮೇಲೆ ಮರಳಿ ಕೊಂಡರು. ಇನ್ನೆರಡು ವರ್ಷಕ್ಕೆ ಮತ್ತೆ ಬಿಟ್ಟರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಈ ಈರಭದ್ರರು 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ರೆವಿಸ್ ಹೋದ ಮೇಲೆ ಜೆಟ್ಸ್ ಬುದ್ಧಿ ಕಲಿಯಿತೇ? ಮರುವರ್ಷವೇ ಟ್ರುಮೇನ್ ಜಾನ್ಸನ್‌ಗೆ ಐದು ವರ್ಷಕ್ಕೆ 7.25 ಕೋಟಿ ಡಾಲರ್ ಬರೆಯಿತು. ಎರಡು ವರ್ಷ, ಹದಿನೇಳು ಪಂದ್ಯ, ಐದು ಇಂಟರ್‌ಸೆಪ್ಷನ್, ಮುಕ್ತಾಯ.

ದುಡ್ಡು ಇಸಿದುಕೊಂಡವರ ಬಗ್ಗೆ ನನಗೆ ಕಿಂಚಿತ್ತೂ ತಕರಾರಿಲ್ಲ. ಬೈರನ್ ಜೋನ್ಸ್ ಎಂಬ ಹುಡುಗ 2015ರ ಆಯ್ಕೆ ಶಿಬಿರದಲ್ಲಿ ನಿಂತ ನಿಲುವಿನಲ್ಲೇ 12 ಅಡಿ 3 ಇಂಚು ದೂರಕ್ಕೆ ಹಾರಿ ಎಲ್ಲರ ಬಾಯಿ ಮುಚ್ಚಿಸಿದ್ದ. 2020ರಲ್ಲಿ ಮಯಾಮಿ ಅವನಿಗೆ 8.25 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತು. ಎರಡು ಸೀಸನ್ ಆಡಿ, ಮೂರನೆಯದನ್ನು ಪೂರ್ತಿ ಹೊರಗೆ ಕೂತು, 2023ರ ಫೆಬ್ರುವರಿಯಲ್ಲಿ ಅವನು ಹೇಳಿದ್ದು: ಈಗ ನನಗೆ ಓಡಲೂ ಆಗುವುದಿಲ್ಲ, ಹಾರಲೂ ಆಗುವುದಿಲ್ಲ. ತಂಡದವರು ಕೊಡುವ ಮಾತ್ರೆ, ಇಂಜೆಕ್ಷನ್ ತಗೊಳ್ಳಬೇಡಿ ಎಂದು ಹೊಸ ಹುಡುಗರಿಗೆ ಬುದ್ಧಿವಾದವನ್ನೂ ಹೇಳಿದ. ಆ 8.25 ಕೋಟಿಯಲ್ಲಿ ಕೈಗೆ ಬಂದಷ್ಟೂ ನ್ಯಾಯವಾದ ದುಡ್ಡು. ನಗಬೇಕಾದ್ದು ಬರೆದುಕೊಟ್ಟವರನ್ನು ನೋಡಿ.

ಇಷ್ಟು ಹೇಳಿದ ಮೇಲೂ ‘ಖರ್ಚು ಮಾಡಿ ಗೆದ್ದವರು ಇಲ್ಲವೇ?’ ಎಂದು ನಮ್ಮ ಪಕ್ಷದವರು ಕೇಳುತ್ತಾರೆ. ಇದ್ದಾರೆ, ಮುಚ್ಚಿಡುವುದು ತಪ್ಪು. 1995ರಲ್ಲಿ ಡಲ್ಲಾಸ್ ಕೌಬಾಯ್ಸ್‌ನ ಜೆರ್ರಿ ಜೋನ್ಸ್ ಏಳು ವರ್ಷಕ್ಕೆ 3.5 ಕೋಟಿ ಡಾಲರ್ ಕೊಟ್ಟು ಡಿಯಾನ್ ಸ್ಯಾಂಡರ್ಸ್ ಅವರನ್ನು ತಂದರು. ಸಹಿಯ ಬೋನಸ್ 1 ಕೋಟಿ 29 ಲಕ್ಷದ 99 ಸಾವಿರದ 999 ಡಾಲರ್, 99 ಸೆಂಟ್. ಬಾಟಾ ಅಂಗಡಿಯ ಬೆಲೆಯಲ್ಲ. ಜೋನ್ಸ್ ಸಾಹೇಬರಿಗೆ 13 ಅಂಕಿಯ ಭಯ. ಆ ಸೀಸನ್ನಿನ ಸೂಪರ್ ಬೌಲನ್ನು ಕೌಬಾಯ್ಸ್ ಗೆದ್ದೇಬಿಟ್ಟರು. ಒಂದು ಸೆಂಟ್ ಉಳಿಸಿದ ಪುಣ್ಯವೇ ಇರಬೇಕು. 2017ರಲ್ಲಿ ಪೇಟ್ರಿಯಟ್ಸ್ 6.5 ಕೋಟಿಗೆ ಸ್ಟೆಫನ್ ಗಿಲ್ಮೋರ್‌ರನ್ನು ಕೊಂಡಿತು. 2019ರಲ್ಲಿ ಅವರು ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರ. ಅದೇ ವರ್ಷದ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ರ‍್ಯಾಮ್ಸ್ ತಂಡದ ಕೊನೆಯ ಆಸೆಯನ್ನು ಗೋಲ್ ಲೈನಿನ ಹತ್ತಿರ ಹಿಡಿದು ಮುಗಿಸಿದವರೂ ಅವರೇ. ಅದಕ್ಕಿಂತ ಒಳ್ಳೆಯ ಖರೀದಿ ತೋರಿಸುವುದು ಕಷ್ಟ. (ಅವರ ಐದನೇ ವರ್ಷ ಏನಾಯಿತು? ಕ್ಯಾರೊಲಿನಾಗೆ ವರ್ಗ.)

ಆದರೆ ಆ ಕೌಬಾಯ್ಸ್ ಹಿಂದಿನ ಮೂರು ವರ್ಷದಲ್ಲಿ ಎರಡು ಸೂಪರ್ ಬೌಲ್ ಗೆದ್ದಿದ್ದವರು. ಪೇಟ್ರಿಯಟ್ಸ್ ಗಿಲ್ಮೋರ್‌ರನ್ನು ಕೊಳ್ಳುವ ತಿಂಗಳ ಹಿಂದಷ್ಟೇ ಕಪ್ ಎತ್ತಿದ್ದವರು, ಮನೆಯಲ್ಲಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಇದ್ದರು. ದುಬಾರಿ ಕಾರ್ನರ್‌ಬ್ಯಾಕ್ ಕೊಂಡು ಗೆದ್ದವರು ಬಹುಪಾಲು ಕೊಳ್ಳದಿದ್ದರೂ ಗೆಲ್ಲಬಹುದಾಗಿದ್ದವರೇ. ಕ್ವಾರ್ಟರ್‌ಬ್ಯಾಕ್ ಇಲ್ಲ, ಎದುರಾಳಿಯ ಕ್ವಾರ್ಟರ್‌ಬ್ಯಾಕನ್ನು ಅಟ್ಟಿಸಿಕೊಂಡು ಹೋಗುವವರೂ ಇಲ್ಲ, ಅಂಥ ತಂಡಕ್ಕೆ ರೆವಿಸ್‌ನಂಥವರು ಬಂದರೂ ಮೂರು ಸೆಕೆಂಡಿನ ಮೇಲೆ ನಾಲ್ಕನೆಯ ಸೆಕೆಂಡೂ ಓಡುತ್ತಲೇ ಇರಬೇಕಾಗುತ್ತದೆ. ನಾಲ್ಕು ಸೆಕೆಂಡ್ ಯಾರನ್ನೂ ಯಾರೂ ಕಾಯಲಾರರು.

2015ರ ಫೆಬ್ರುವರಿ 1, ಅರಿಜೋನಾದ ಗ್ಲೆಂಡೇಲ್. ಸೂಪರ್ ಬೌಲ್ ಮುಗಿಯಲು ಅರ್ಧ ನಿಮಿಷವೂ ಇಲ್ಲ. ಪೇಟ್ರಿಯಟ್ಸ್ 28, ಸಿಯಾಟಲ್ 24, ಚೆಂಡು ಪೇಟ್ರಿಯಟ್ಸ್ ಗೆರೆಗೆ ಒಂದು ಗಜ ದೂರದಲ್ಲಿ. ಪೇಟ್ರಿಯಟ್ಸ್ ಪಡೆಯಲ್ಲಿ 1.2 ಕೋಟಿ ಡಾಲರಿನ ರೆವಿಸ್ ಇದ್ದಾರೆ. ಅದೇ ಪಂದ್ಯದಲ್ಲಿ ಡಗ್ ಬಾಲ್ಡ್‌ವಿನ್‌ಗೆ ಒಂದು ಟಚ್‌ಡೌನ್ ಬಿಟ್ಟುಕೊಟ್ಟಿದ್ದಾರೆ. ಅಡ್ಡ ಬಂದ ರೆಫರಿಯನ್ನು ಬಳಸಿಕೊಂಡು ಬಾಲ್ಡ್‌ವಿನ್ ನುಸುಳಿದ್ದ. ಇನ್ನೊಂದು ಕಡೆ ಮಾಲ್ಕಮ್ ಬಟ್ಲರ್. ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಯಾರೂ ಕೇಳದ ಹುಡುಗ, ಒಂದು ಕಾಲಕ್ಕೆ ಪಪಾಯ್ಸ್ ಅಂಗಡಿಯಲ್ಲಿ ಕೋಳಿ ಕರಿದವನು. ಮೊದಲ ವರ್ಷದವರಿಗೆ ಆಗ ಇದ್ದ ಕನಿಷ್ಠ ಸಂಬಳ 4.2 ಲಕ್ಷ ಡಾಲರ್. ಎರಡು ಆಟದ ಹಿಂದೆ ಇವನ ಕೈ ತಾಗಿದ ಚೆಂಡನ್ನು ರಿಸೀವರ್ ನೆಲಕ್ಕೆ ಬಿದ್ದುಕೊಂಡೇ ಹಿಡಿದಿದ್ದ. ಈಗ ಸಿಯಾಟಲ್ ಇಬ್ಬರು ರಿಸೀವರ್‌ಗಳನ್ನು ಒಬ್ಬರ ಹಿಂದೆ ಒಬ್ಬರಂತೆ ನಿಲ್ಲಿಸಿತು. ಅಭ್ಯಾಸದಲ್ಲಿ ಇದೇ ಜೋಡಣೆಗೆ ಬಟ್ಲರ್ ಒಮ್ಮೆ ಏಮಾರಿ ಬೈಸಿಕೊಂಡಿದ್ದ. ಈ ಸಲ ಏಮಾರಲಿಲ್ಲ. ಚೆಂಡು ಕೈಬಿಡುವ ಹೊತ್ತಿಗೆ ಹೊರಟೇಬಿಟ್ಟಿದ್ದ. ರಿಸೀವರ್‌ಗಿಂತ ಮೊದಲು ಅಲ್ಲಿಗೆ ತಲುಪಿ ಎರಡೂ ಕೈಯಲ್ಲಿ ಬಾಚಿಕೊಂಡ. ಪಂದ್ಯಶ್ರೇಷ್ಠನಿಗೆಂದು ಬಂದ ಟ್ರಕ್ಕನ್ನು ಬ್ರೇಡಿ ಈ ಹುಡುಗನಿಗೆ ಕೊಡಿಸಿದರು.

ಹಿತ್ತಲ ಗಿಡ ಮದ್ದಲ್ಲ. ಎರಡು ವರ್ಷ ಕಳೆದ ಮೇಲೆ ಪೇಟ್ರಿಯಟ್ಸ್ ದೊಡ್ಡ ದುಡ್ಡು ಕೊಟ್ಟಿದ್ದು ಹೊರಗಿನ ಗಿಲ್ಮೋರ್‌ಗೆ. ಬಟ್ಲರ್‌ಗೆ ಸಿಕ್ಕಿದ್ದು ಒಂದು ವರ್ಷದ 39 ಲಕ್ಷದ ಚೀಟಿ. ಮುಂದಿನ ಸೂಪರ್ ಬೌಲ್‌ನಲ್ಲಿ ರಕ್ಷಣಾ ಪಡೆಯ ಜೊತೆ ಅವನನ್ನು ಒಂದು ಸಲವೂ ಇಳಿಸಲಿಲ್ಲ. ತಂಡ 41 ಅಂಕ ಬಿಟ್ಟುಕೊಟ್ಟು ಸೋತಿತು. ಗೆದ್ದಿದ್ದು ಫಿಲಡೆಲ್ಫಿಯಾ. ಆ ಪಂದ್ಯದಲ್ಲಿ ರಕ್ಷಣೆಗೆ ಇಳಿಯದ ಬಟ್ಲರ್‌ಗೆ ಅದೇ ಮಾರ್ಚ್‌ನಲ್ಲಿ ಟೈಟನ್ಸ್ 6.1 ಕೋಟಿ ಡಾಲರ್ ಬರೆದುಕೊಟ್ಟಿತು. ಮಾರ್ಚ್‌ನ ತರ್ಕಕ್ಕೆ ಮೈದಾನದ ಸಾಕ್ಷಿ ಬೇಕಾಗುವುದೇ ಇಲ್ಲ.

ಫಿಲಡೆಲ್ಫಿಯಾಕ್ಕೆ ಮಾತ್ರ ಏನೋ ತಾಗಿದಂತಿದೆ. 2024ರ ಡ್ರಾಫ್ಟ್‌ನಲ್ಲಿ ಅವರು 22ನೆಯವರಾಗಿ ಕ್ವಿನ್ಯನ್ ಮಿಚೆಲ್‌ರನ್ನೂ 40ನೆಯವರಾಗಿ ಕೂಪರ್ ಡಿಜೀನ್‌ರನ್ನೂ ಆರಿಸಿಕೊಂಡರು. ಇಬ್ಬರೂ ಎಳೆಯರು, ಇಬ್ಬರೂ ಅಗ್ಗ. ಆ ಮಾರ್ಚ್‌ನಲ್ಲಿ ದುಡ್ಡು ಬಿಚ್ಚಲಿಲ್ಲವೆಂದಲ್ಲ. ಯಾರೂ ಕೊಡಬಾರದು ಎನ್ನುವ ರನ್ನಿಂಗ್ ಬ್ಯಾಕ್ ಜಾಗಕ್ಕೆ ಸೇಕ್ವಾನ್ ಬಾರ್ಕ್ಲಿಯನ್ನು ತಂದರು, ಅವರು ಎರಡು ಸಾವಿರ ಗಜ ಓಡಿದರು. 2025ರ ಫೆಬ್ರುವರಿ 9, ನ್ಯೂ ಆರ್ಲಿಯನ್ಸ್‌ನ ಸೂಪರ್ ಬೌಲ್. ಅಂದು ಡಿಜೀನ್‌ಗೆ 22 ತುಂಬಿದ ದಿನ. ಈಗಲ್ಸ್ ಮುಂಪಡೆ ಕನ್ಸಾಸ್ ಸಿಟಿ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ರನ್ನು ನೆಟ್ಟಗೆ ನಿಲ್ಲಲು ಬಿಡುತ್ತಿರಲಿಲ್ಲ. ಹಾಗೆ ಓಡುತ್ತ ಅವರು ಎಸೆದ ಚೆಂಡನ್ನು ಹಿಡಿದು ಹುಡುಗ 38 ಗಜ ಓಡಿ ಟಚ್‌ಡೌನ್ ಮಾಡಿಬಿಟ್ಟ. ಈಗಲ್ಸ್ 40, ಚೀಫ್ಸ್ 22. ಚೀಫ್ಸ್ ಕಡೆ ಕೈಯಲ್ಲಿ ಆಟದ ಪಟ್ಟಿ ಹಿಡಿದು ಇದನ್ನು ನೋಡುತ್ತಿದ್ದ ಕೋಚ್ ಆ್ಯಂಡಿ ರೀಡ್. ಎರಡು ಮೂಲೆಗೆ ಮೂವರು ತಾರೆಯರಿದ್ದ ಆ ಡ್ರೀಮ್ ಟೀಮಿನ ಅದೇ ರೀಡ್.

ಇಡೀ ಲೀಗ್ ಅದನ್ನು ನೋಡಿತು. ನೋಡಿ ಸರಿಯಾಗಿ ಇಪ್ಪತ್ತೊಂಬತ್ತನೇ ದಿನ ಸೋಮವಾರ, ಮಧ್ಯಾಹ್ನ ಹನ್ನೆರಡು ಹೊಡೆಯಿತು. ಚಾರ್ವೇರಿಯಸ್ ವಾರ್ಡ್‌ಗೆ ಇಂಡಿಯಾನಾಪೊಲಿಸ್ 6 ಕೋಟಿ ಡಾಲರ್, ಕಾರ್ಲ್‌ಟನ್ ಡೇವಿಸ್‌ಗೆ ಪೇಟ್ರಿಯಟ್ಸ್ 6 ಕೋಟಿ, ಪಾಲ್ಸನ್ ಅಡೆಬೊಗೆ ನ್ಯೂಯಾರ್ಕ್ ಜಯಂಟ್ಸ್ 5.4 ಕೋಟಿ. ಅಸೊಮುವಾ ಕಾಲದ್ದೇ ಮೊತ್ತ, ಒಂದೇ ಬದಲಾವಣೆ: ಎಲ್ಲವೂ ಮೂರು ಮೂರು ವರ್ಷಕ್ಕೆ. ಐದನೇ ವರ್ಷ ಸುಳ್ಳೆಂಬುದು ಕೊನೆಗೂ ಅರ್ಥವಾಗಿದೆ, ತಂಡಗಳಿಗಲ್ಲ, ಏಜೆಂಟರಿಗೆ. ಮೂರೇ ವರ್ಷವಾದರೆ ಅದೇ ಹುಡುಗನನ್ನು ಇನ್ನೊಂದು ಮಾರ್ಚ್‌ನಲ್ಲಿ ಇನ್ನೊಮ್ಮೆ ಮಾರಬಹುದಲ್ಲ.